ಪಿಕಪ್ ವಾಹನಗಳ ಡಿಫರೆನ್ಷಿಯಲ್ ಲಾಕ್: ಉಜ್ಜಿನಿ ಸೀಮೆಯ ನೆಲಕ್ಕೆ ತಕ್ಕ ಆಯ್ಕೆ

ಡಿಫರೆನ್ಷಿಯಲ್ ಲಾಕ್ ಎಂಬುದು ಒಂದೇ ಆಕ್ಸಲ್ಲಿನ ಎಡ ಬಲ ಚಕ್ರಗಳನ್ನು, ಅಗತ್ಯ ಬಿದ್ದಾಗ, ಒಂದೇ ವೇಗದಲ್ಲಿ ತಿರುಗುವಂತೆ ಬಿಗಿಯುವ ಯಂತ್ರಭಾಗ. ಒಂದು ಚಕ್ರ ರಾಡಿಯಲ್ಲಿ ಜಾರಿ ಬರಿದೇ ಸುತ್ತುವಾಗ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೆ ಎಂಜಿನ್ನಿನ ಬಲ ತಲುಪಿಸಿ ವಾಹನವನ್ನು ಮುಂದೆ ಸಾಗಿಸುವುದು ಇದರ ಕೆಲಸ. ಟ್ರಾಕ್ಟರುಗಳಲ್ಲಿ ಮತ್ತು ಗಣಿ ಟಿಪ್ಪರುಗಳಲ್ಲಿ ಇದು ಬಹುಕಾಲದಿಂದ ಇದೆ. ಸರಕು ಸಾಗಿಸುವ ಪಿಕಪ್‌ಗಳಲ್ಲಿ ಮಾತ್ರ ಭಾರತದಲ್ಲಿ ಇನ್ನೂ ಅಪರೂಪ. ಲಾಕ್ ಬೇಕೆನ್ನುವವರಿಗೆ ಎರಡು ದಾರಿಗಳಿವೆ. ಕಾರ್ಖಾನೆಯಲ್ಲೇ ಲಾಕ್ ಕೂಡಿಸಿದ ವಾಹನ ಕೊಳ್ಳುವುದು ಒಂದು, ಕೈಯಲ್ಲಿರುವ ವಾಹನಕ್ಕೆ ಹೊರಗಿನ ತಯಾರಕರ ಲಾಕ್ ಹಾಕಿಸುವುದು ಇನ್ನೊಂದು. ಈ ಎರಡರ ನಡುವಣ ಆಯ್ಕೆಯನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ನೆಲ, ಬೆಳೆ ಹಾಗೂ ಹೊರೆಯ ಹಿನ್ನೆಲೆಯಲ್ಲಿ ಈ ಲೇಖನ ವಿವರಿಸುತ್ತದೆ.

ನೆಲ ಮತ್ತು ಸಾಗಣೆ

ಉಜ್ಜಿನಿ ವಿಜಯನಗರ ಜಿಲ್ಲೆಯ ಕೊಟ್ಟೂರು ತಾಲ್ಲೂಕಿನ ಊರು. ವೀರಶೈವರ ಪಂಚಪೀಠಗಳಲ್ಲಿ ಒಂದರ ನೆಲೆ. ಮರುಳಸಿದ್ಧೇಶ್ವರ ದೇವಾಲಯದಿಂದ ಹೆಸರಾದದ್ದು. ಇದರ ಸುತ್ತಲಿನ ಐದು ತಾಲ್ಲೂಕುಗಳು ಅರೆಶುಷ್ಕ ಬಯಲುಸೀಮೆಗೆ ಸೇರಿವೆ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆ ರೂಪುಗೊಂಡಾಗ ಈ ಐದೂ ಅದರೊಳಗೆ ಬಂದವು.

ಇಲ್ಲಿನ ನೆಲ ಒಂದೇ ಬಗೆಯದಲ್ಲ. ಕೂಡ್ಲಿಗಿ ಕಡೆ ಮಸಾರಿ ಹೊಲಗಳು ಹೆಚ್ಚು. ಕೆಂಪು ಮರಳುಮಿಶ್ರಿತ ಮಣ್ಣಿನಲ್ಲಿ ನೀರು ಬೇಗ ಇಂಗುತ್ತದೆ, ಮಳೆ ನಿಂತು ಬಿಸಿಲು ಬಿದ್ದರೆ ಗಾಡಿ ಜಾಡು ಮತ್ತೆ ಗಟ್ಟಿಯಾಗುತ್ತದೆ. ಗುಡೇಕೋಟೆ ಸುತ್ತ ಬಂಡೆಗುಡ್ಡಗಳಿದ್ದು ದಾರಿಗಳು ಏರುಪೇರಾಗಿವೆ. ಪಶ್ಚಿಮಕ್ಕೆ ತುಂಗಭದ್ರೆಯತ್ತ, ಹಡಗಲಿ ಕಡೆ ಹೋದಂತೆ ಎರೆ ಹೊಲಗಳು ಹೆಚ್ಚುತ್ತವೆ. ಹರಪನಹಳ್ಳಿ ಮತ್ತು ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳಲ್ಲಿ ಎರೆ, ಮಸಾರಿ ಎರಡೂ ಇವೆ. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಹಸಿಯಾದಾಗ ಟೈರಿನ ಗೀರುಗಳಿಗೆ ಮೆತ್ತಿಕೊಂಡು ಅವನ್ನು ಪೂರ್ತಿ ಮುಚ್ಚಿಬಿಡುತ್ತದೆ. ಇವುಗಳ ನಡುವೆ ಹಳ್ಳಗಳ ಉಸುಕಿನ ಪಾತ್ರಗಳನ್ನೂ ದಾಟಬೇಕು.

ಈ ಸೀಮೆಯಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. ಮುಂಗಾರಿನ ಶೇಂಗಾ ಕಿತ್ತು, ಈರುಳ್ಳಿ ಕೊಯ್ದು, ಮೆಕ್ಕೆಜೋಳದ ತೆನೆ ಮುರಿಯುವ ಕೆಲಸವೂ ಅದೇ ಹೊತ್ತಿಗೆ ಅಥವಾ ಅದರ ಬೆನ್ನಿಗೇ ಬರುತ್ತದೆ. ಹೊಲದಿಂದ ಮಾಲು ಹೊರಬರಬೇಕಾದ ದಿನಗಳಲ್ಲೇ ಹೊಲದ ದಾರಿ ಅತಿ ಕೆಟ್ಟಿರುತ್ತದೆ. ಕಿತ್ತ ಈರುಳ್ಳಿ ಮಳೆಯಲ್ಲಿ ಎರಡು ದಿನ ನಿಂತರೆ ಕೊಳೆಯುತ್ತದೆ. ಹಡಗಲಿಯ ಮಲ್ಲಿಗೆಯಂಥ ಹೂವಿಗೆ ಅರ್ಧ ದಿನದ ತಡವೂ ನಷ್ಟವೇ. ಹಾಗಾಗಿ ಜಾರುವ ಚಕ್ರದ ಪ್ರಶ್ನೆ ಇಲ್ಲಿ ನೇರವಾಗಿ ಬೆಳೆಗಾರರ ಆದಾಯಕ್ಕೆ ತಗಲುತ್ತದೆ.

ಡಿಫರೆನ್ಷಿಯಲ್ ಏಕೆ ಬೇಕು

ವಾಹನ ತಿರುವು ತೆಗೆದುಕೊಳ್ಳುವಾಗ ಹೊರಗಿನ ಚಕ್ರ ಒಳಗಿನ ಚಕ್ರಕ್ಕಿಂತ ಹೆಚ್ಚು ದೂರ ಓಡಬೇಕು. ಎರಡು ಚಕ್ರಗಳ ನಡುವೆ 1.4 ಮೀಟರ್ ಅಂತರವಿದ್ದರೆ, 90 ಡಿಗ್ರಿಯ ಒಂದು ತಿರುವಿನಲ್ಲಿ ಹೊರಚಕ್ರ ಸುಮಾರು 2.2 ಮೀಟರ್ ಹೆಚ್ಚು ಕ್ರಮಿಸುತ್ತದೆ. ಎರಡನ್ನೂ ಒಂದೇ ಕಂಬಿಗೆ ಬಿಗಿದರೆ ಯಾವುದಾದರೂ ಒಂದು ಚಕ್ರ ನೆಲವನ್ನು ಉಜ್ಜಿಕೊಂಡೇ ಹೋಗಬೇಕು. ಟೈರು ಸವೆಯುತ್ತದೆ, ಆಕ್ಸಲ್ ತಿರುಚುತ್ತದೆ, ಸ್ಟಿಯರಿಂಗ್ ಬಿಗಿಯುತ್ತದೆ.

ಇದಕ್ಕೆ ಉತ್ತರವಾಗಿ ಬಂದದ್ದು ಡಿಫರೆನ್ಷಿಯಲ್. ಗೇರ್‌ಬಾಕ್ಸಿನಿಂದ ಬಂದ ಬಲವನ್ನು ಪಿನಿಯನ್ ಗೇರು ಕ್ರೌನ್ ಗೇರಿಗೆ ಕೊಡುತ್ತದೆ. ಕ್ರೌನ್ ಗೇರಿಗೆ ಬೋಲ್ಟ್ ಮಾಡಿದ ಪೆಟ್ಟಿಗೆಯೊಳಗೆ ಸ್ಪೈಡರ್ ಗೇರುಗಳಿರುತ್ತವೆ. ಅವುಗಳ ಇಬ್ಬದಿಯ ಸೈಡ್ ಗೇರುಗಳಿಂದ ಎಡ ಬಲದ ಹಾಫ್ ಶಾಫ್ಟ್‌ಗಳು ಚಕ್ರಗಳಿಗೆ ಹೋಗುತ್ತವೆ. ವಾಹನ ನೇರ ಓಡುವಾಗ ಪೆಟ್ಟಿಗೆ ಇಡಿಯಾಗಿ ಸುತ್ತುತ್ತದೆ. ತಿರುವಿನಲ್ಲಿ ಸ್ಪೈಡರ್ ಗೇರುಗಳು ತಮ್ಮಷ್ಟಕ್ಕೆ ಉರುಳಿ, ಒಂದು ಬದಿಯಲ್ಲಿ ಕಡಿಮೆಯಾದ ವೇಗವನ್ನು ಇನ್ನೊಂದು ಬದಿಗೆ ಸೇರಿಸುತ್ತವೆ.

ಈ ರಚನೆಯ ಬೆಲೆ ಒಂದಿದೆ. ತೆರೆದ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಯಾವಾಗಲೂ ಸಮನಾದ ತಿರುಚುಬಲ ಕೊಡುತ್ತದೆ. ಜಾರುವ ಚಕ್ರ ಎಷ್ಟು ಬಲವನ್ನು ನೆಲಕ್ಕೆ ಊರಬಲ್ಲದೋ ಅಷ್ಟನ್ನೇ ಗಟ್ಟಿ ನೆಲದ ಚಕ್ರಕ್ಕೂ ಕೊಡುತ್ತದೆ, ಹೆಚ್ಚಿಗೆ ಕೊಡುವುದಿಲ್ಲ. ನೊಗದ ಒಂದು ಎತ್ತು ಜಗ್ಗದೆ ನಿಂತರೆ ಜೋಡಿ ಎತ್ತಿನ ಬಲವೂ ಬಂಡಿಗೆ ದಕ್ಕದಂತೆ ಇದು.

ಒಂದು ಊಹೆಯ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಒಟ್ಟು 3000 ಕಿಲೊ ತೂಗುವ, ಹಿಂದಿನ ಒಂದೊಂದು ಚಕ್ರದ ಮೇಲೆ 1000 ಕಿಲೊ ಭಾರ ಬಿದ್ದಿರುವ ಪಿಕಪ್ ಇದೆ ಎಂದುಕೊಳ್ಳೋಣ. ಎಡಚಕ್ರ ಹಸಿ ಎರೆಯಲ್ಲಿದ್ದು ಅದರ ಘರ್ಷಣಾಂಕ 0.1, ಬಲಚಕ್ರ ಗರಸಿನ ಮೇಲಿದ್ದು 0.5. ಎಡಚಕ್ರ ಊರಬಲ್ಲ ಬಲ ಸುಮಾರು 980 ನ್ಯೂಟನ್, ಬಲಚಕ್ರದ್ದು ಸುಮಾರು 4900 ನ್ಯೂಟನ್. ತೆರೆದ ಡಿಫರೆನ್ಷಿಯಲ್ಲಿನಲ್ಲಿ ಎರಡಕ್ಕೂ 980ರಂತೆ ಒಟ್ಟು 1960 ನ್ಯೂಟನ್ ಮಾತ್ರ ಸಿಗುತ್ತದೆ. ಲಾಕ್ ಬಿಗಿದರೆ ಎರಡೂ ತಮ್ಮ ಪೂರ್ಣ ಬಲ ಕೊಟ್ಟು 5880 ನ್ಯೂಟನ್ ಆಗುತ್ತದೆ. ನೂರು ಅಡಿಗೆ ಹತ್ತು ಅಡಿ ಏರುವ ದಾರಿಯಲ್ಲಿ, ಮೆತ್ತನೆ ನೆಲದ ಉರುಳುತಡೆಯನ್ನೂ ಸೇರಿಸಿ, ಈ ವಾಹನಕ್ಕೆ ಬೇಕಾದದ್ದು ಸುಮಾರು 4400 ನ್ಯೂಟನ್. ಲಾಕ್ ಇಲ್ಲದೆ ಅದು ನಿಂತಲ್ಲೇ ನಿಲ್ಲುತ್ತದೆ, ಲಾಕ್ ಇದ್ದರೆ ಏರುತ್ತದೆ.

ಇದೇ ಲೆಕ್ಕ ಲಾಕಿನ ಮಿತಿಯನ್ನೂ ತೋರಿಸುತ್ತದೆ. ಎರಡೂ ಚಕ್ರ ಅದೇ ಹಸಿ ಎರೆಯಲ್ಲಿದ್ದರೆ ಲಾಕ್ ಬಿಗಿದರೂ ಸಿಗುವುದು ಅದೇ 1960 ನ್ಯೂಟನ್. ಎಡ ಬಲದ ಹಿಡಿತದಲ್ಲಿ ವ್ಯತ್ಯಾಸವಿರುವಲ್ಲಿ ಲಾಕ್ ಫಲ ಕೊಡುತ್ತದೆ. ವ್ಯತ್ಯಾಸವಿಲ್ಲದ ಕಡೆ ಅದರಿಂದ ಲಾಭವಿಲ್ಲ. ಲಾಕ್ ಕೊಳ್ಳುವ ಯಾರೇ ಆಗಲಿ ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಸೂತ್ರವಿದು.

ಇತಿಹಾಸ

ಫ್ರಾನ್ಸಿನ ಒನೆಸಿಫೋರ್ ಪೆಕರ್ 1827ರ ಸುಮಾರಿಗೆ ಉಗಿ ವಾಹನಕ್ಕಾಗಿ ಡಿಫರೆನ್ಷಿಯಲ್ ರೂಪಿಸಿದ. ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ 1877ರಲ್ಲಿ ಅದನ್ನು ಮೂರು ಚಕ್ರದ ಸೈಕಲ್ಲಿಗೆ ಅಳವಡಿಸಿದ. ಮೋಟಾರು ವಾಹನಗಳ ಕಾಲ ಬಂದಾಗ ಜಾರುವ ಚಕ್ರದ ತೊಂದರೆ ಎದ್ದು ಕಂಡಿತು. 1930ರ ದಶಕದಲ್ಲಿ ಜರ್ಮನಿಯ ಜಡ್‌ಎಫ್ ಕಂಪನಿ ಆಟೊ ಯೂನಿಯನ್ ರೇಸ್ ಕಾರುಗಳಿಗಾಗಿ ಜಾರುವಿಕೆಯನ್ನು ಮಿತಿಗೊಳಿಸುವ ಡಿಫರೆನ್ಷಿಯಲ್ ತಯಾರಿಸಿತು. ಅಮೆರಿಕದಲ್ಲಿ ನೋಸ್ಪಿನ್ ಎಂಬ ಸ್ವಯಂಚಾಲಿತ ಲಾಕ್ ಎರಡನೆಯ ಮಹಾಯುದ್ಧದ ಕಾಲದ ಸೇನಾ ಲಾರಿಗಳಲ್ಲಿ ಬಳಕೆಯಾಗಿ, ಮುಂದೆ ಡೆಟ್ರಾಯಿಟ್ ಲಾಕರ್ ಎಂದು ಪ್ರಸಿದ್ಧವಾಯಿತು.

ಪಿಕಪ್ ವಾಹನಗಳ ಮಟ್ಟಿಗೆ 1973 ಮುಖ್ಯ ವರ್ಷ. ಈಟನ್ ಕಂಪನಿ ಜನರಲ್ ಮೋಟಾರ್ಸ್‌ನ ಪಿಕಪ್‌ಗಳಿಗೆ ಚಾಲಕ ಏನನ್ನೂ ಒತ್ತಬೇಕಿಲ್ಲದ ಯಾಂತ್ರಿಕ ಲಾಕ್ ಕೊಟ್ಟದ್ದು ಆಗ. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಎಆರ್‌ಬಿ ಕಂಪನಿಯ ಗಾಳಿ ಒತ್ತಡದ ಏರ್ ಲಾಕರ್ ಬಂದು, ಕೈಯಲ್ಲಿರುವ ವಾಹನಕ್ಕೆ ಹೊರಗಿನಿಂದ ಲಾಕ್ ಹಾಕಿಸುವ ಮಾರುಕಟ್ಟೆ ಬೆಳೆಯಿತು. 2003ರ ಜೀಪ್ ರ‍್ಯಾಂಗ್ಲರ್ ರೂಬಿಕಾನ್ ಮುಂದಿನ ಹಾಗೂ ಹಿಂದಿನ ಎರಡೂ ಆಕ್ಸಲ್‌ಗಳಿಗೆ ಕಾರ್ಖಾನೆಯಲ್ಲೇ ಲಾಕ್ ಕೊಟ್ಟಿತು.

ಉಜ್ಜಿನಿ ಸೀಮೆಗೆ ಲಾಕ್ ಪರಿಚಯವಾದದ್ದು ಟ್ರಾಕ್ಟರಿನ ಮೂಲಕ. ಬಲಗಾಲಿನ ಹಿಮ್ಮಡಿಗೆ ಸಿಗುವ ಪೆಡಲ್ ಒತ್ತಿದರೆ ಹಿಂದಿನ ಎರಡೂ ದೊಡ್ಡ ಚಕ್ರಗಳು ಒಂದಾಗುತ್ತವೆ. ಕಾಲೆತ್ತಿ, ಬಲ ಸಮನಾದ ಕೂಡಲೇ ಸ್ಪ್ರಿಂಗ್ ಅದನ್ನು ಬಿಡಿಸುತ್ತದೆ. ರಂಟೆ ಹೊಡೆಯುವಾಗ ಒಂದು ಚಕ್ರ ಸಾಲಿನೊಳಗೂ ಇನ್ನೊಂದು ಉಳದ ನೆಲದ ಮೇಲೂ ಇರುತ್ತದೆ. ಲಾಕಿನ ಅಗತ್ಯ ಅಲ್ಲೇ ಹುಟ್ಟುತ್ತದೆ. ನೆರೆಯ ಸಂಡೂರಿನ ಕಬ್ಬಿಣ ಅದಿರಿನ ಗಣಿಗಳಲ್ಲಿ ಓಡುವ ಭಾರಿ ಟಿಪ್ಪರುಗಳಲ್ಲಿ ಎರಡು ಬಗೆಯ ಲಾಕ್‌ಗಳಿವೆ. ಹಿಂದಿನ ಎರಡು ಆಕ್ಸಲ್‌ಗಳನ್ನು ಒಂದಾಗಿಸುವುದು ಒಂದು, ಒಂದೇ ಆಕ್ಸಲ್ಲಿನ ಎಡ ಬಲ ಚಕ್ರಗಳನ್ನು ಒಂದಾಗಿಸುವುದು ಇನ್ನೊಂದು. ಎರಡೂ ಡ್ಯಾಶ್‌ಬೋರ್ಡಿನ ಸ್ವಿಚ್ಚಿನಿಂದ, ಗಾಳಿ ಒತ್ತಡದಿಂದ ಕೆಲಸ ಮಾಡುತ್ತವೆ. ಹೀಗಾಗಿ ಈ ಭಾಗದ ಚಾಲಕರಿಗೆ ಲಾಕ್ ಹೊಸದಲ್ಲ. ಅವರು ಓಡಿಸುವ ಪಿಕಪ್‌ನಲ್ಲಿ ಅದು ಇಲ್ಲ ಎಂಬುದೇ ಕೊರತೆ.

ವಿಧಗಳು

ಕೈಯಾರೆ ಹಾಕುವ ಲಾಕ್. ಚಾಲಕ ಸ್ವಿಚ್ ಅಥವಾ ಲಿವರ್ ಬಳಸಿದಾಗ ಮಾತ್ರ ಬಿಗಿಯುತ್ತದೆ, ಉಳಿದ ಹೊತ್ತು ಸಾಮಾನ್ಯ ಡಿಫರೆನ್ಷಿಯಲ್ಲಿನಂತೆ ಇರುತ್ತದೆ. ಗಾಳಿ, ವಿದ್ಯುತ್ತು ಇಲ್ಲವೇ ಕೇಬಲ್ ಇದನ್ನು ನಡೆಸುತ್ತದೆ. ಬಿಗಿದಾಗ ಎರಡೂ ಚಕ್ರ ನೂರಕ್ಕೆ ನೂರು ಒಂದಾಗುತ್ತವೆ. ಚಕ್ರ ಜಾರುವ ಮೊದಲೇ, ಕೆಸರಿನ ಅಂಚಿನಲ್ಲಿ ನಿಂತು ಲಾಕ್ ಹಾಕಿಕೊಳ್ಳಬಹುದಾದ್ದು ಇದರ ದೊಡ್ಡ ಅನುಕೂಲ.

ತಾನೇ ಬಿಗಿಯುವ ಯಾಂತ್ರಿಕ ಲಾಕ್. ಭಾರತದಲ್ಲಿ ಇದು ಎಂಎಲ್‌ಡಿ ಎಂಬ ಹೆಸರಿನಿಂದ ಪರಿಚಿತ. ಎರಡು ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ಒಳಗಿನ ಪುಟ್ಟ ತೂಕಗಳು ಹೊರಚಾಚಿ ಒಂದು ಹಲ್ಲಿಗೆ ಸಿಕ್ಕಿಕೊಳ್ಳುತ್ತವೆ. ಆಗ ಕ್ಯಾಮ್ ತಟ್ಟೆ ಕ್ಲಚ್ ಪ್ಲೇಟುಗಳನ್ನು ಒತ್ತಿ ಪೂರ್ತಿ ಬಿಗಿಯುತ್ತದೆ. ಗಂಟೆಗೆ ಸುಮಾರು 32 ಕಿಲೊಮೀಟರ್ ದಾಟಿದ ಮೇಲೆ ಹೊಸದಾಗಿ ಬಿಗಿಯುವುದಿಲ್ಲ. ಚಾಲಕನಿಗೆ ತರಬೇತಿ ಬೇಕಿಲ್ಲ, ಮರೆತು ಲಾಕ್ ಹಾಕಿಟ್ಟುಕೊಂಡು ಟಾರು ರಸ್ತೆಗೆ ಬರುವ ಭಯವಿಲ್ಲ. ಆದರೆ ಚಕ್ರ ಮೊದಲು ಸುತ್ತಲೇಬೇಕು. ಎರೆಮಣ್ಣಿನಲ್ಲಿ ಸುತ್ತುವ ಚಕ್ರ ಅಷ್ಟರಲ್ಲೇ ತನ್ನ ಗುಂಡಿ ತಾನೇ ತೋಡಿಕೊಳ್ಳಬಹುದು. ಮಸಾರಿಯಲ್ಲೂ ಕಲ್ಲುದಾರಿಯಲ್ಲೂ ಈ ದೋಷ ಅಷ್ಟಾಗಿ ಕಾಡುವುದಿಲ್ಲ.

ಸದಾ ಬಿಗಿದಿದ್ದು ತಿರುವಿನಲ್ಲಿ ಬಿಡುವ ಲಾಕ್. ಡೆಟ್ರಾಯಿಟ್ ಲಾಕರ್ ಈ ಜಾತಿಯದು. ತಿರುವಿನಲ್ಲಿ ವೇಗವಾಗಿ ಓಡುವ ಹೊರಚಕ್ರವನ್ನು ಬಿಡಿಸಿ, ನೇರ ಬಂದಾಗ ಮತ್ತೆ ಹಿಡಿಯುತ್ತದೆ. ಗಟ್ಟಿಮುಟ್ಟು. ಆದರೆ ಟಾರು ರಸ್ತೆಯ ತಿರುವುಗಳಲ್ಲಿ ಟಕ್ಕೆಂದು ಸದ್ದು ಮಾಡುತ್ತದೆ, ಖಾಲಿ ಗಾಡಿಯ ಹಿಂಭಾಗವನ್ನು ಒದ್ದಂತೆ ತಳ್ಳುತ್ತದೆ. ಹೊರೆ ಇಳಿಸಿ ಖಾಲಿ ಹಿಂತಿರುಗುವ ಬಾಡಿಗೆ ಪಿಕಪ್‌ಗೆ ಇದು ಹೊಂದುವುದಿಲ್ಲ. ಮೂಲ ಪೆಟ್ಟಿಗೆಯನ್ನೇ ಉಳಿಸಿಕೊಂಡು ಸ್ಪೈಡರ್ ಗೇರುಗಳ ಜಾಗದಲ್ಲಿ ಕೂಡಿಸುವ ಸಣ್ಣ ಲಾಕರುಗಳೂ ಇದೇ ಗುಣದವು. ಅಗ್ಗವಾದರೂ ಅವುಗಳ ತಾಳಿಕೆ ಮೂಲ ಪೆಟ್ಟಿಗೆಯ ತಾಳಿಕೆಯಷ್ಟೇ.

ಜಾರುವಿಕೆ ಮಿತಿಗೊಳಿಸುವ ಡಿಫರೆನ್ಷಿಯಲ್. ಕ್ಲಚ್ ಪ್ಲೇಟುಗಳಿಂದಲೋ ಓರೆಹಲ್ಲಿನ ಗೇರುಗಳಿಂದಲೋ ಬಲದ ಒಂದು ಪಾಲನ್ನು ಹಿಡಿತವಿರುವ ಚಕ್ರದತ್ತ ತಿರುಗಿಸುತ್ತದೆ, ಪೂರ್ತಿ ಬಿಗಿಯುವುದಿಲ್ಲ. ಗೇರು ಬಗೆಯದು ಜಾರುವ ಚಕ್ರದ ಹಿಡಿತವನ್ನು ಕೆಲವು ಪಟ್ಟು ಹೆಚ್ಚಿಸಿ ಇನ್ನೊಂದಕ್ಕೆ ಕೊಡುತ್ತದೆ. ಹಾಗಾಗಿ ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಕೈಚೆಲ್ಲುತ್ತದೆ. ಒದ್ದೆ ಟಾರಿಗೆ ಒಳ್ಳೆಯದು, ಗುಡೇಕೋಟೆಯ ಬಂಡೆದಾರಿಗೆ ಸಾಲದು.

ಬ್ರೇಕ್ ಮೂಲಕ ನಡೆಯುವ ನಿಯಂತ್ರಣ. ಎಬಿಎಸ್ ಸಂವೇದಕಗಳು ಸುತ್ತುವ ಚಕ್ರವನ್ನು ಗುರುತಿಸಿ ಅದಕ್ಕೆ ಮಾತ್ರ ಬ್ರೇಕ್ ಹಾಕುತ್ತವೆ, ಆಗ ಬಲ ಇನ್ನೊಂದಕ್ಕೆ ಹರಿಯುತ್ತದೆ. ಹೊಸ ಯಂತ್ರಭಾಗ ಬೇಕಿಲ್ಲ. ಚಿಕ್ಕ ತೊಡಕುಗಳಿಗೆ ಸಾಕು. ಹೊರೆ ಹೊತ್ತು ಉದ್ದನೆಯ ಕೆಸರುದಾರಿ ಹಾಯುವಾಗ ಬ್ರೇಕ್ ಕಾಯುತ್ತದೆ, ಎಂಜಿನ್ನಿನ ಬಲವೂ ವ್ಯರ್ಥವಾಗುತ್ತದೆ.

ಫೋರ್ ಬೈ ಫೋರ್ ವ್ಯವಸ್ಥೆಯನ್ನು ಲಾಕ್ ಎಂದು ತಿಳಿಯುವುದು ಸರಿಯಲ್ಲ. ಅದು ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುತ್ತದೆ. ಆಕ್ಸಲ್ಲಿನೊಳಗಿನ ಹಂಚಿಕೆ ತೆರೆದ ಡಿಫರೆನ್ಷಿಯಲ್ಲಿನದೇ ಆಗಿದ್ದರೆ, ಮುಂದೆ ಒಂದು ಹಿಂದೆ ಒಂದು ಚಕ್ರ ಕೋನಕ್ಕೆ ಕೋನ ಎದುರಾಗಿ ಜಾರಿದಾಗ ಫೋರ್ ಬೈ ಫೋರ್ ಕೂಡ ನಿಂತುಬಿಡುತ್ತದೆ.

ಕಾರ್ಖಾನೆಯ ಲಾಕ್

ಭಾರತದಲ್ಲಿ ಕಾರ್ಖಾನೆಯ ಲಾಕ್ ಹೆಚ್ಚಾಗಿ ಕಾಣಿಸಿರುವುದು ಪಿಕಪ್‌ಗಳಲ್ಲಲ್ಲ, ಜೀಪು ಮಾದರಿಯ ವಾಹನಗಳಲ್ಲಿ. ಮಹೀಂದ್ರ 2015ರಲ್ಲಿ ಥಾರ್‌ನ ಹಿಂದಿನ ಆಕ್ಸಲ್ಲಿಗೆ ಯಾಂತ್ರಿಕ ಲಾಕ್ ಕೊಟ್ಟಿತು. 2020ರ ಹೊಸ ಥಾರ್‌ನಲ್ಲಿ ಅದು ಮುಂದುವರಿಯಿತು. 2024ರ ಥಾರ್ ರಾಕ್ಸ್‌ನ ಫೋರ್ ಬೈ ಫೋರ್ ಮಾದರಿಯಲ್ಲಿ ವಿದ್ಯುತ್ ಚಾಲಿತ ಲಾಕ್ ಬಂತು. ಫೋರ್ಸ್ ಗೂರ್ಖಾದಲ್ಲಿ ಮುಂದೂ ಹಿಂದೂ ಚಾಲಕನೇ ಹಾಕುವ ಲಾಕ್‌ಗಳಿವೆ. ಮಹೀಂದ್ರ ಆಸ್ಟ್ರೇಲಿಯಾಕ್ಕೆ ಕಳಿಸಿದ ಪಿಕ್‌ಅಪ್‌ನಲ್ಲಿ ಈಟನ್ ಲಾಕ್ ಇತ್ತು. ಅಂದರೆ ಪಿಕಪ್‌ಗೆ ಲಾಕ್ ಕೂಡಿಸುವ ಸಾಮರ್ಥ್ಯ ನಮ್ಮ ತಯಾರಕರಿಗೆ ಹೊಸದೇನಲ್ಲ.

ಪಿಕಪ್‌ಗಳ ಪೈಕಿ ಟೊಯೊಟ ಹೈಲಕ್ಸ್ 2022ರಲ್ಲಿ ಭಾರತಕ್ಕೆ ಬಂತು. ಬಿಡದಿಯ ಟೊಯೊಟ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಜೋಡಣೆಯಾಗುವ ಇದರಲ್ಲಿ ಹಿಂದಿನ ಆಕ್ಸಲ್ಲಿಗೆ ವಿದ್ಯುತ್ ಚಾಲಿತ ಲಾಕ್ ಇದೆ. ಬಿಡುಗಡೆಯ ವೇಳೆ ಶೋರೂಂ ಬೆಲೆ 33.99 ಲಕ್ಷ ರೂಪಾಯಿಯಿಂದ ಶುರುವಾಗಿತ್ತು. ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗಿ 2016ರಲ್ಲಿ ಬಂದ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್‌ಗೆ ಫೋರ್ ಬೈ ಫೋರ್ ಇತ್ತು, ಲಾಕ್ ಇರಲಿಲ್ಲ.

ಈ ಸೀಮೆಯಲ್ಲಿ ಈರುಳ್ಳಿ, ಮೆಕ್ಕೆಜೋಳ ಹೊರುವವು ಬೇರೆ ವಾಹನಗಳು. ಮಹೀಂದ್ರ ಬೊಲೆರೊ ಪಿಕಪ್, ಅಶೋಕ್ ಲೇಲ್ಯಾಂಡ್ ದೋಸ್ತ್, ಟಾಟಾ ಏಸ್ ಮುಂತಾದ ಹಿಂಚಕ್ರ ಚಾಲನೆಯ ಗಾಡಿಗಳು ಸಾಮಾನ್ಯವಾಗಿ ತೆರೆದ ಡಿಫರೆನ್ಷಿಯಲ್ಲಿನವು. ಹೈಲಕ್ಸ್‌ನಂಥ ದುಬಾರಿ ವಾಹನ ಹೊರೆಯ ಲೆಕ್ಕದಲ್ಲಿ ಬೊಲೆರೊ ಪಿಕಪ್‌ಗೆ ಸಾಟಿಯಲ್ಲ. ನಿಜವಾಗಿ ಲಾಕ್ ಬೇಕಾದ ಗಾಡಿಗೆ ಅದು ಸಿಗುತ್ತಿಲ್ಲ, ಸಿಗುವ ಗಾಡಿ ಬೆಳೆಗಾರನ ಕೈಗೆಟುಕುವುದಿಲ್ಲ. ಎಂಎಲ್‌ಡಿಯಂಥ ಸರಳ ಲಾಕನ್ನು ಒಂದೂವರೆ ಟನ್ ಹೊರುವ ಪಿಕಪ್‌ಗಳಲ್ಲಿ ಆಯ್ಕೆಯಾಗಿ ಕೊಟ್ಟರೆ ಬಯಲುಸೀಮೆಯ ಕೃಷಿಗೆ ಆಗುವ ಉಪಕಾರ ದೊಡ್ಡದು.

ಕಾರ್ಖಾನೆಯ ಲಾಕಿಗೆ ಮೂರು ಬಲಗಳಿವೆ. ಹಾಫ್ ಶಾಫ್ಟ್, ಬೇರಿಂಗ್, ಹೌಸಿಂಗ್ ಎಲ್ಲವೂ ಅದರ ಒತ್ತಡಕ್ಕೆ ತಕ್ಕಂತೆ ಲೆಕ್ಕಹಾಕಿರುತ್ತವೆ. ಲಾಕ್ ಹಾಕಿದಾಗ ಎಬಿಎಸ್ ಮತ್ತು ಜಾರುವಿಕೆ ನಿಯಂತ್ರಣ ಹೇಗೆ ನಡೆದುಕೊಳ್ಳಬೇಕೆಂದು ಕಂಪ್ಯೂಟರಿಗೆ ಗೊತ್ತಿರುತ್ತದೆ. ವಾರಂಟಿ ಮತ್ತು ವಿಮೆಯ ತಕರಾರು ಇರುವುದಿಲ್ಲ. ಮಿತಿಯೂ ಒಂದಿದೆ. ಕೆಲವು ವಾಹನಗಳಲ್ಲಿ ಲಾಕ್ ಲೋ ರೇಂಜ್‌ನಲ್ಲಿ, ನಿಗದಿತ ವೇಗದೊಳಗೆ ಮಾತ್ರ ಕೆಲಸ ಮಾಡುತ್ತದೆ. ಕೊಳ್ಳುವ ಮುನ್ನ ಮಾಲೀಕರ ಕೈಪಿಡಿಯಲ್ಲಿ ಇದನ್ನು ಓದಿಕೊಳ್ಳಬೇಕು.

ಹೊರಗಿನ ಲಾಕ್

ಹೊರಗಿನ ಲಾಕ್ ಎಲ್ಲ ವಾಹನಕ್ಕೂ ಸಿಗುವುದಿಲ್ಲ. ಕ್ರೌನ್ ಗೇರಿನ ಬೋಲ್ಟ್‌ಗಳ ಸಂಖ್ಯೆ, ಹಾಫ್ ಶಾಫ್ಟ್‌ನ ಹಲ್ಲುಗಳ ಎಣಿಕೆ, ಬೇರಿಂಗ್ ಅಳತೆ, ಗೇರು ಅನುಪಾತ ಇವೆಲ್ಲ ನಿಖರವಾಗಿ ಹೊಂದಬೇಕು. ಆಮದು ಆಕ್ಸಲ್ ಇರುವ, ಹಲವು ದೇಶಗಳಲ್ಲಿ ಮಾರಾಟವಾಗುವ ಪಿಕಪ್‌ಗಳಿಗೆ ಆಯ್ಕೆ ಹೆಚ್ಚು. ಭಾರತದಲ್ಲಷ್ಟೇ ಮಾರಾಟವಾಗುವ ಸರಕು ಪಿಕಪ್‌ಗಳಿಗೆ ಹೊಂದುವ ಲಾಕ್ ಸಿಗುವುದು ಕಷ್ಟ. ಸಿಕ್ಕಿತೆಂದು ಮಾರುವವರು ಹೇಳಿದರೂ ತಯಾರಕರ ಪಟ್ಟಿಯಲ್ಲಿ ತಮ್ಮ ವಾಹನದ ಮಾದರಿ, ವರ್ಷ ಮತ್ತು ಆಕ್ಸಲ್ ಸಂಖ್ಯೆ ಇದೆಯೇ ಎಂದು ನೋಡಿಯೇ ಹಣ ಕೊಡಬೇಕು.

ಮುಖ್ಯ ಪ್ರಶ್ನೆ ಹಾಫ್ ಶಾಫ್ಟ್‌ನದು. ಎಂಜಿನ್ 200 ನ್ಯೂಟನ್ ಮೀಟರ್, ಮೊದಲ ಗೇರು 4, ಆಕ್ಸಲ್ ಅನುಪಾತ 4.3 ಎಂದಿಟ್ಟುಕೊಂಡರೆ ಆಕ್ಸಲ್ಲಿಗೆ ಬರುವ ತಿರುಚುಬಲ 3440 ನ್ಯೂಟನ್ ಮೀಟರ್. ತೆರೆದ ಡಿಫರೆನ್ಷಿಯಲ್ಲಿನಲ್ಲಿ ಒಂದೊಂದು ಶಾಫ್ಟ್‌ಗೆ 1720ಕ್ಕಿಂತ ಹೆಚ್ಚು ಹೋಗುವುದಿಲ್ಲ. ಲಾಕ್ ಬಿಗಿದು ಒಂದು ಚಕ್ರ ಗಾಳಿಯಲ್ಲಿದ್ದರೆ ಪೂರ್ತಿ 3440 ಒಂದೇ ಶಾಫ್ಟ್ ಹೊರಬೇಕು. ಇದಕ್ಕೆ ತಕ್ಕಷ್ಟು ಮೀಸಲು ಬಲ ಇಲ್ಲದ ಆಕ್ಸಲ್ಲಿನಲ್ಲಿ ಶಾಫ್ಟ್ ಮುರಿಯುತ್ತದೆ. ಮುರಿಯುವುದೂ ಊರಿನಿಂದ ದೂರದ ಕಲ್ಲುದಾರಿಯಲ್ಲೇ.

ಗಾಳಿಯ ಲಾಕಿಗೆ ಕಂಪ್ರೆಸರ್ ಬೇಕು. ಸುಮಾರು 100 ಪಿಎಸ್‌ಐ ಒತ್ತಡದಲ್ಲಿ ಅದು ಕೆಲಸ ಮಾಡುತ್ತದೆ. ಕೊಳವೆಯ ಸೋರಿಕೆ ಇದರ ಸಾಮಾನ್ಯ ದೋಷ. ಅದೇ ಕಂಪ್ರೆಸರಿನಿಂದ ಟೈರಿಗೆ ಗಾಳಿ ತುಂಬಿಸಬಹುದಾದ್ದರಿಂದ, ಉಸುಕಿಗೆಂದು ಗಾಳಿ ಇಳಿಸಿದವರು ಹಳ್ಳ ದಾಟಿದ ಮೇಲೆ ಅಲ್ಲೇ ತುಂಬಿಸಿಕೊಳ್ಳಬಹುದು. ವಿದ್ಯುತ್ ಲಾಕಿನಲ್ಲಿ ಕೊಳವೆಗಳಿಲ್ಲ, ಆದರೆ ಕೆಸರು ನೀರಿಗೆ ಸಿಗುವ ವೈರಿಂಗ್ ಮತ್ತು ಕನೆಕ್ಟರುಗಳನ್ನು ಜೋಪಾನವಾಗಿ ಮುಚ್ಚಬೇಕು.

ಸ್ಪೈಡರ್ ಗೇರುಗಳನ್ನು ವೆಲ್ಡ್ ಮಾಡಿ ಕಾಯಂ ಬಿಗಿಯುವ ಅಗ್ಗದ ಉಪಾಯವೂ ಚಾಲ್ತಿಯಲ್ಲಿದೆ. ರಸ್ತೆಯಲ್ಲಿ ಓಡುವ ವಾಹನಕ್ಕೆ ಇದನ್ನು ಎಂದೂ ಮಾಡಿಸಬಾರದು. ಪ್ರತಿ ತಿರುವಿನಲ್ಲೂ ಟೈರು, ಶಾಫ್ಟ್ ನಲುಗುತ್ತವೆ. ಒದ್ದೆ ಹೆದ್ದಾರಿಯಲ್ಲಿ ಗಾಡಿ ಹಿಡಿತ ತಪ್ಪುತ್ತದೆ. ವೆಲ್ಡ್ ಒಡೆದು ಚೂರು ಗೇರಿನೊಳಗೆ ಸಿಕ್ಕರೆ ಆಕ್ಸಲ್ಲೇ ಜಾಮ್ ಆಗುತ್ತದೆ.

ನೆಲಕ್ಕೆ ತಕ್ಕ ಆಯ್ಕೆ

ಬಂಡೆದಾರಿ ಮತ್ತು ಕೊರಕಲು: ಗುಡೇಕೋಟೆ ಕಡೆಯ ದಾರಿಗಳಲ್ಲಿ, ಮಳೆನೀರು ಕೊರೆದ ಮಸಾರಿ ಜಾಡುಗಳಲ್ಲಿ ಒಂದು ಚಕ್ರ ಎದ್ದು ಇನ್ನೊಂದು ಊರಿಕೊಳ್ಳುತ್ತದೆ. ಎಡ ಬಲದ ವ್ಯತ್ಯಾಸ ಅತಿ ಹೆಚ್ಚಿರುವ ನೆಲವಿದು. ಲಾಕ್ ಅತಿ ಹೆಚ್ಚು ಫಲ ಕೊಡುವುದೂ ಇಲ್ಲೇ. ಕೈಯಾರೆ ಹಾಕುವ ಲಾಕ್ ಅಥವಾ ಎಂಎಲ್‌ಡಿ ಎರಡೂ ಸರಿ.

ಮಸಾರಿ ಹೊಲದ ದಾರಿ: ಅಂಚಿನಲ್ಲಿ ಮೆತ್ತಗೆ, ನಡುವೆ ಗಟ್ಟಿ ಇರುವ ದಾರಿಯಲ್ಲಿ ಹಿಂದಿನ ಆಕ್ಸಲ್ಲಿಗೆ ಒಂದು ಲಾಕ್ ಇದ್ದರೆ ಹೊರೆ ತುಂಬಿದ ಹಿಂಚಕ್ರ ಚಾಲನೆಯ ಪಿಕಪ್ ಸಾಕಷ್ಟು ದೂರ ಸಾಗುತ್ತದೆ. ಹೊರೆಯ ತೂಕವೆಲ್ಲ ಹಿಂಚಕ್ರಗಳ ಮೇಲಿರುವುದೇ ಕಾರಣ. ಇಲ್ಲಿ ಎಂಎಲ್‌ಡಿ ಸಾಕು.

ಹಸಿ ಎರೆ: ಎರಡೂ ಚಕ್ರ ಒಂದೇ ಸಮ ಜಾರುವ ನೆಲದಲ್ಲಿ ಲಾಕಿಗಿಂತ ಮೊದಲು ಖರ್ಚು ಮಾಡಬೇಕಾದ್ದು ಅಗಲ ಗೀರಿನ ಕೆಸರು ಟೈರುಗಳಿಗೆ ಮತ್ತು ಸಾಧ್ಯವಾದರೆ ಫೋರ್ ಬೈ ಫೋರ್‌ಗೆ. ಲಾಕ್ ಹಾಕಿಸುವುದಾದರೆ ಚಕ್ರ ಸುತ್ತುವ ಮೊದಲೇ ಬಿಗಿಯಬಲ್ಲ ಕೈಯಾರೆ ಲಾಕ್ ಇರಲಿ. ಜೋರು ಮಳೆಯ ಮರುದಿನ ಎರೆಗೆ ಪಿಕಪ್ ಇಳಿಸದಿರುವುದೇ ವಿವೇಕ. ಹೊಲದಿಂದ ರಸ್ತೆಯವರೆಗೆ ಟ್ರಾಕ್ಟರಿನ ಟ್ರೇಲರಿನಲ್ಲಿ, ರಸ್ತೆಯಿಂದ ಮಾರುಕಟ್ಟೆಗೆ ಪಿಕಪ್‌ನಲ್ಲಿ ಮಾಲು ಸಾಗಿಸುವುದು ವೆಚ್ಚದ ದೃಷ್ಟಿಯಿಂದಲೂ ಸರಿ. ದೊಡ್ಡ ಚಕ್ರ, ಆಳ ಗೀರು, ಲಾಕ್ ಮೂರೂ ಟ್ರಾಕ್ಟರಿನಲ್ಲಿ ಈಗಾಗಲೇ ಇವೆ.

ಹಳ್ಳದ ಉಸುಕು: ಒಣ ಉಸುಕಿನಲ್ಲಿ ಎರಡೂ ಚಕ್ರಗಳ ಹಿಡಿತ ಹೆಚ್ಚುಕಡಿಮೆ ಒಂದೇ. ಟೈರಿನ ಗಾಳಿ ಇಳಿಸಿ ನೆಲದ ಮೇಲಿನ ಒತ್ತು ಹರಡುವುದು ಲಾಕಿಗಿಂತ ಹೆಚ್ಚು ಉಪಯೋಗ. ತುಂಬಿದ ಗಾಡಿಯಲ್ಲಿ ಗಾಳಿ ತೀರ ಇಳಿಸಬಾರದು, ದಾಟಿದ ಕೂಡಲೇ ತುಂಬಿಸಬೇಕು.

ಮುಂದಿನ ಆಕ್ಸಲ್ಲಿಗೂ ಲಾಕ್ ಬೇಕೇ ಎಂದರೆ, ಸರಕು ಪಿಕಪ್‌ಗೆ ಬೇಡ. ಮುಂದಿನ ಲಾಕ್ ಬಿಗಿದಾಗ ಸ್ಟಿಯರಿಂಗ್ ತಿರುಗಿಸುವುದೇ ಕಷ್ಟ. ತೂಕವಿರುವುದು ಹಿಂದೆ, ಏರು ಹತ್ತುವಾಗ ಇನ್ನಷ್ಟು ತೂಕ ಹಿಂದಕ್ಕೇ ಸರಿಯುತ್ತದೆ. ಹಿಂದಿನ ಒಂದು ಲಾಕ್ ಮತ್ತು ಒಳ್ಳೆಯ ಟೈರು ಇಲ್ಲಿನ ಕೆಲಸಕ್ಕೆ ಸಾಕು.

ಅಳವಡಿಕೆ, ಪರೀಕ್ಷೆ ಮತ್ತು ಆರೈಕೆ

ಲಾಕ್ ಕೂಡಿಸುವುದೆಂದರೆ ಆಕ್ಸಲ್ ಪೂರ್ತಿ ಬಿಚ್ಚಿ ಕ್ರೌನ್ ಮತ್ತು ಪಿನಿಯನ್ ಗೇರುಗಳನ್ನು ಮರಳಿ ಹೊಂದಿಸುವ ಕೆಲಸ. ಗೇರುಗಳ ನಡುವಣ ಸಡಿಲ, ಬೇರಿಂಗಿನ ಬಿಗುವು ಎರಡನ್ನೂ ಡಯಲ್ ಗೇಜಿನಿಂದ ಅಳೆದು ಶಿಮ್ ಹಾಕಬೇಕು. ಹಲ್ಲುಗಳಿಗೆ ಬಣ್ಣದ ಲೇಪ ಬಳಿದು ಎಲ್ಲಿ ಕೂಡುತ್ತವೆ ಎಂದು ನೋಡಬೇಕು. ಅಂದಾಜಿನ ಮೇಲೆ ಕೂಡಿಸಿದ ಆಕ್ಸಲ್ ಊಳಿಡತೊಡಗಿ ಹಲ್ಲು ಸವೆಸಿಕೊಳ್ಳುತ್ತದೆ. ಈ ಸಲಕರಣೆಗಳಿಲ್ಲದ ಗ್ಯಾರೇಜಿಗೆ ಕೆಲಸ ಒಪ್ಪಿಸಬಾರದು.

ಕೂಡಿಸಿದ ಮೇಲೆ ಪರೀಕ್ಷೆ ಸುಲಭ. ಮುಂಚಕ್ರಗಳಿಗೆ ಅಡೆ ಕೊಟ್ಟು, ಹಿಂದಿನ ಎರಡೂ ಚಕ್ರಗಳನ್ನು ಭದ್ರವಾದ ಸ್ಟ್ಯಾಂಡಿನ ಮೇಲೆ ಎತ್ತಿ, ಎಂಜಿನ್ ನಿಲ್ಲಿಸಿ, ಗೇರು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್‌ಬ್ರೇಕ್ ಬಿಡಿಸಿ ಒಂದು ಚಕ್ರ ತಿರುಗಿಸಬೇಕು. ತೆರೆದಿದ್ದರೆ ಇನ್ನೊಂದು ಚಕ್ರ ಎದುರು ದಿಕ್ಕಿಗೆ ಸುತ್ತುತ್ತದೆ, ಕೈಯಾರೆ ಲಾಕ್ ಬಿಗಿದಿದ್ದರೆ ಅದೇ ದಿಕ್ಕಿಗೆ ಸುತ್ತುತ್ತದೆ. ಎಣ್ಣೆ ಲಾಕ್ ತಯಾರಕರು ಹೇಳಿದ್ದೇ ಆಗಿರಬೇಕು. ಸಾಮಾನ್ಯವಾಗಿ ಜಿಎಲ್-5 ದರ್ಜೆಯ 80ಡಬ್ಲ್ಯು-90 ಬಳಸುತ್ತಾರೆ. ಕ್ಲಚ್ ಪ್ಲೇಟ್ ಇರುವ ಕೆಲವು ಬಗೆಗಳಿಗೆ ವಿಶೇಷ ಸೇರ್ಪಡೆ ಬೇಕು. ಹಳ್ಳದ ನೀರಿನಲ್ಲಿ ಮುಳುಗಿದ ಆಕ್ಸಲ್ಲಿನ ಎಣ್ಣೆ ಹಾಲಿನಂತೆ ಬಿಳುಪಾಗಿದ್ದರೆ ನೀರು ಸೇರಿದೆ ಎಂದರ್ಥ, ತಡಮಾಡದೆ ಬದಲಿಸಬೇಕು.

ಚಾಲನೆಯ ನಿಯಮಗಳು ಟ್ರಾಕ್ಟರಿನವೇ. ಚಕ್ರ ಜೋರಾಗಿ ಸುತ್ತುತ್ತಿರುವಾಗ ಕೈಯಾರೆ ಲಾಕ್ ಹಾಕಬಾರದು, ನಿಂತು ಇಲ್ಲವೇ ನಿಧಾನ ಉರುಳುತ್ತಾ ಹಾಕಬೇಕು. ಲಾಕ್ ಹಾಕಿದ ಮೇಲೆ ಸಾಧ್ಯವಾದಷ್ಟು ನೇರ ಹೋಗಬೇಕು. ಗಟ್ಟಿ ನೆಲ ಸಿಕ್ಕಿದ ಕೂಡಲೇ ಬಿಡಿಸಬೇಕು. ಅಡ್ಡ ಇಳಿಜಾರಿನಲ್ಲಿ ಲಾಕ್ ಹಾಕಿದರೆ ಎರಡೂ ಹಿಂಚಕ್ರ ಒಟ್ಟಿಗೆ ಜಾರಿ ಗಾಡಿಯ ಹಿಂಭಾಗ ಕೆಳಕ್ಕೆ ಸರಿಯುತ್ತದೆ ಎಂಬ ಎಚ್ಚರವಿರಲಿ.

ಕಾನೂನು ಮತ್ತು ವಿಮೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಡಿಫರೆನ್ಷಿಯಲ್ಲಿನ ಒಳಭಾಗ ನೋಂದಣಿ ಪತ್ರದಲ್ಲಿ ನಮೂದಾಗುವ ವಿವರವಲ್ಲ. ಆದರೂ ಅದರ ಜೊತೆಗೆ ದೊಡ್ಡ ಟೈರು, ಎತ್ತರದ ಸಸ್ಪೆನ್ಷನ್ ಹಾಕಿಸುವವರು ಮೊದಲು ಹೊಸಪೇಟೆಯ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳಿತು. ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆದಿರಬೇಕು. ವಾರಂಟಿ ಉಳಿದಿರುವ ವಾಹನದ ಆಕ್ಸಲ್ ಬಿಚ್ಚಿದರೆ ಆ ಭಾಗದ ವಾರಂಟಿ ಹೋಗುತ್ತದೆ ಎಂದೇ ಲೆಕ್ಕ ಹಾಕಬೇಕು.

ಒಟ್ಟಾರೆ ನೋಟ

ಹೊಸ ವಾಹನ ಕೊಳ್ಳುವವರಿಗೆ, ಅದೇ ಹೊರೆ ಹೊರುವ ಮಾದರಿಯಲ್ಲಿ ಕಾರ್ಖಾನೆಯ ಲಾಕ್ ಸಿಗುವುದಾದರೆ, ಅದೇ ಉತ್ತಮ. ಈಗಿರುವ ವಾಹನಕ್ಕೆ ಹೊರಗಿನ ಲಾಕ್ ಹಾಕಿಸುವುದು ಆಕ್ಸಲ್ ಬಲವಾಗಿದ್ದು, ತಯಾರಕರ ಪಟ್ಟಿಯಲ್ಲಿ ಮಾದರಿಯಿದ್ದು, ಅಳತೆಯ ಸಲಕರಣೆಯುಳ್ಳ ಗ್ಯಾರೇಜು ಸಿಕ್ಕಾಗ ಮಾತ್ರ ಸರಿ. ಈ ಮೂರರಲ್ಲಿ ಒಂದು ತಪ್ಪಿದರೂ ಅದೇ ಹಣವನ್ನು ಟೈರಿಗೂ, ಹೊಲದ ಬಾಯಿಗೆ ನಾಲ್ಕು ಟ್ರಿಪ್ ಗರಸು ಹಾಕಿಸುವುದಕ್ಕೂ ಬಳಸಿದರೆ ಹೆಚ್ಚು ಫಲ. ತಮ್ಮ ದಾರಿಯಲ್ಲಿ ಗಾಡಿ ಸಿಕ್ಕಿಬಿದ್ದಾಗ ಒಂದು ಚಕ್ರ ಸುತ್ತುತ್ತದೆಯೋ ಎರಡೂ ಸುತ್ತುತ್ತವೆಯೋ ಎಂದು ಗಮನಿಸಿದವರಿಗೆ ಲಾಕ್ ಬೇಕೋ ಬೇಡವೋ ಎಂಬುದರ ಉತ್ತರ ಅಲ್ಲೇ ಸಿಗುತ್ತದೆ. ಒಂದೇ ಸುತ್ತಿದರೆ ಲಾಕ್ ಬೇಕು, ಎರಡೂ ಸುತ್ತಿದರೆ ಟೈರು ಬೇಕು.